ಸೋಮವಾರ ಒಪ್ಪತ್ತು ಮಾಡುವ ಬೆಕ್ಕು

ತುಮಕೂರು ಜಿಲ್ಲೆಯಲ್ಲಿ ಬೆಕ್ಕಿನ ಭಾಷೆ ಬಲ್ಲವರು ಒಬ್ಬರೇ ಒಬ್ಬರು ಇದ್ದರು. ಆ ಒಬ್ಬರು ನಾನೇ ಅಂತ ಹೇಳಿಕೊಳ್ಳೋದಕ್ಕೆ ನನಗೆ ಸಂಕೋಚ. ಏನು ಮಾಡೋದು, ಬೇರೆ ಯಾರೂ ಹೇಳಲಿಲ್ಲ, ನಾನೇ ಹೇಳಬೇಕಾಗಿ ಬಂತು.

ಹಾಗಂತ ನಾನು ಬೆಕ್ಕನ್ನು ಹುಡುಕಿಕೊಂಡು ಹೋದವನಲ್ಲ. ಒಂಟಿಯಾಗಿ ರೂಮು ಮಾಡಿಕೊಂಡಿರೋ ಗಂಡಸಿನ ಪಾಲಿಗೆ ಇಂಥವು ಬಂದೇ ಬರುತ್ತವೆ. ಮೊದಲು ಜಿರಲೆ ಬರುತ್ತೆ. ಜಿರಲೆ ಹಿಂದೆ ಹಲ್ಲಿ. ಆಮೇಲೆ ಇಲಿ, ಇಲಿ ಹಿಂದೆ ಬೆಕ್ಕು. ಬೆಕ್ಕಿನ ಹಿಂದೆ ಹೆಂಡತಿ ಬರಬೇಕು ಅನ್ನೋದು ನನ್ನ ಅಂದಾಜು. ನನ್ನ ವಿಷಯದಲ್ಲಿ ಸಾಲು ಬೆಕ್ಕಿಗೇ ನಿಂತುಬಿಟ್ಟಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಗುಬ್ಬಿಯಲ್ಲಿ ಒಂದು ಕೊಬ್ಬರಿ ಗೋಡೌನಿಗೆ ನಾನು ಕೀಪರ್. ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ನಾನು ಪೇಟೆ ಬೀದಿಯಲ್ಲಿ ನಡೆದರೆ ಇಲಿಗಳು ಬಿಟ್ಟು ಉಳಿದವರೆಲ್ಲ ಹೆದರುತ್ತಿದ್ದರು. ನನ್ನ ರೂಮು ಒಂದು ದೊಡ್ಡ ಮನೆಯ ಹಿತ್ತಿಲಲ್ಲಿತ್ತು. ಮನೆಯ ಯಜಮಾನಿ ಮಕ್ಕಳಿಲ್ಲದ ವಿಧವೆ. ಬೀದಿಯವರೆಲ್ಲ ಅವರನ್ನ ಅಮ್ಮ ಅಂತಿದ್ದರು, ನಾನೂ ಹಾಗೇ ಅಂತಿದ್ದೆ. ಶಿವಪೂಜೆ ಆಗದೆ ಅವರು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಆ ಮನೆಯ ಬೆಕ್ಕೇ ಅಮ್ಮಣ್ಣಿ. ಬೂದಿ ಬಣ್ಣ, ಬಿಳಿ ಕಾಲು, ಹಣೆ ಮೇಲೆ ದಿನಾ ಬೆಳಿಗ್ಗೆ ಅಮ್ಮ ಹಚ್ಚುತ್ತಿದ್ದ ವಿಭೂತಿ.

ರೂಮು ಕೊಡುವಾಗ ಅಮ್ಮ ಒಂದೇ ಷರತ್ತು ಹಾಕಿದ್ದರು. "ಈ ಮನೆ ಹೊಸಿಲೊಳಗೆ ಮಾಂಸ ಬರಕೂಡದು ಕಣಪ್ಪ. ನಮ್ಮ ಅಮ್ಮಣ್ಣಿ ಹುಟ್ಟಿದಾಗಿಂದ ಹಾಲು ಅನ್ನ ಬಿಟ್ಟು ಇನ್ನೊಂದು ಮುಟ್ಟಿಲ್ಲ. ನೀನು ತಿಂದ್ರೆ ನೀನು ಆಚೆ. ಅವಳು ತಿಂದ್ರೆ ಅವಳು ಆಚೆ."

ನಾನು ಒಪ್ಪಿಕೊಂಡೆ. ನನ್ನ ಕೈಗೆ ಅನ್ನ ಮಾಡೋದೇ ಬರುತ್ತಿರಲಿಲ್ಲ, ಇನ್ನು ಮಾಂಸದ ಮಾತೆಲ್ಲಿ? ಹೆದರಿಕೆ ಇದ್ದಿದ್ದೆಲ್ಲ ಅಮ್ಮಣ್ಣಿಯ ಬಗ್ಗೆ. ಸಾಯಂಕಾಲ ಗೋಡೌನಿಗೆ ಬೀಗ ಹಾಕಿ ಬಂದರೆ ಇಡೀ ಗುಬ್ಬಿಯಲ್ಲಿ ನನ್ನ ದಾರಿ ಕಾಯುತ್ತಾ ಕೂತಿರುತ್ತಿದ್ದ ಜೀವ ಅದೊಂದೇ. ಅದು ಆಚೆ ಹೋದರೆ ನಾನು ಒಳಗೆ ಕೂತು ಯಾರ ಹತ್ತಿರ ಜಂಭ ಕೊಚ್ಚಿಕೊಳ್ಳಲಿ?

ಒಂದು: ವ್ರತ

ಅಮ್ಮಣ್ಣಿ ಪ್ರತಿ ಸೋಮವಾರ ಒಪ್ಪತ್ತು ಮಾಡುತ್ತಾಳೆ ಅನ್ನೋದು ಗುಬ್ಬಿ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅವತ್ತು ಹಗಲೆಲ್ಲ ಅದು ಹಾಲು ಮುಟ್ಟುತ್ತಿರಲಿಲ್ಲ. ನೋಡೋದಕ್ಕೆ ಅಕ್ಕಪಕ್ಕದ ಹೆಂಗಸರು ಬರುತ್ತಿದ್ದರು. ಅಮ್ಮ ತಟ್ಟೆಗೆ ಹಾಲು ಅನ್ನ ಕಲಸಿ ಮುಂದಿಡೋರು. ಅಮ್ಮಣ್ಣಿ ಒಮ್ಮೆ ಮೂಸಿ, ಮುಖ ತಿರುಗಿಸಿ, ಮುಂಗಾಲು ನೆಕ್ಕಿ ನೆಕ್ಕಿ ಮೂತಿ ಒರೆಸಿಕೊಳ್ಳುತ್ತಿತ್ತು.

"ನೋಡ್ರವ್ವ, ಮುಖ ತೊಳ್ಕೊಂತಾ ಅವಳೆ. ಪೂಜೆಗೆ ಕೂರೋ ಮುಂಚೆ," ಅಂತ ಅಮ್ಮ.

ಒಬ್ಬಾಕೆ ಕೈ ಮುಗಿದೇಬಿಟ್ಟಳು.

ಒಳಗಿನ ವಿಷಯ ಹೀಗಿತ್ತು. ಭಾನುವಾರ ಗೋಡೌನಿಗೆ ರಜ. ಆ ಒಂದು ದಿನ ಇಲಿಗಳು ಒಳಗೆ ತಮ್ಮದೇ ಸಂತೆ ನಡೆಸುತ್ತಿದ್ದವು. ಸೋಮವಾರ ಬೆಳಿಗ್ಗೆ ನಾನು ಬಾಗಿಲು ತೆಗೆದರೆ, ನನ್ನ ಕಾಲ ಸಂದಿಯಿಂದ ಅಮ್ಮಣ್ಣಿ ಒಳಗೆ ನುಗ್ಗುತ್ತಿತ್ತು. ಹೊರಗೆ ಬರುವಾಗ ಹೊಟ್ಟೆ ತಮಟೆ, ಹಣೆ ಮೇಲೆ ವಿಭೂತಿ ಹಾಗೇ. ಅಷ್ಟು ತಿಂದವರಿಗೆ ಹಾಲು ಎಲ್ಲಿ ಬೇಕಾಗುತ್ತೆ?

ಕೈ ಮುಗಿದ ಆಕೆ ನನ್ನ ಕಡೆ ತಿರುಗಿ ಕೇಳಿದಳು. "ನೀವು ಬೆಕ್ಕಿನ ಭಾಷೆ ಬಲ್ಲೋರಂತೆ. ಏನಂತಿದೆ ಇದು?"

ನಾನು ಬಾಲ ನೋಡಿದೆ, ಕಿವಿ ನೋಡಿದೆ, ಗಂಭೀರವಾಗಿ ಗಂಟಲು ಸರಿ ಮಾಡಿಕೊಂಡೆ. "ಹೊಟ್ಟೆ ತುಂಬಿದೆ, ಇನ್ನೇನೂ ಬೇಡ ಅಂತಿದೆ."

"ಶಿವನ ಧ್ಯಾನದಲ್ಲೇ ಹೊಟ್ಟೆ ತುಂಬಿಸ್ಕೊಂಡಿದೆಯಲ್ಲ, ಎಂಥ ಭಕ್ತಿ," ಅಂದಳು ಆಕೆ.

ಮುಂದಿನ ವಾರದಿಂದ ಆಕೆ ತನ್ನ ಮನೆ ಬೆಕ್ಕಿಗೂ ಸೋಮವಾರದ ಹಾಲು ನಿಲ್ಲಿಸಿದಳು. ಆ ಬಡಪಾಯಿ ಮಧ್ಯಾಹ್ನದ ಹೊತ್ತಿಗೆ ನನ್ನ ಗೋಡೌನ್ ಬಾಗಿಲಿಗೆ ಕೆಲಸ ಕೇಳಿಕೊಂಡು ಬಂತು.

ಎರಡು: ಮಾರ್ಕು

ಕೊಬ್ಬರಿ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಪ್ರತಿ ಮಂಡಿಯವರೂ ತಮ್ಮ ಮೂಟೆ ಮೇಲೆ ಬಣ್ಣದಲ್ಲಿ ತಮ್ಮದೊಂದು ಮಾರ್ಕು ಹಾಕುತ್ತಾರೆ. ಒಬ್ಬರಿಗೆ ಸೂರ್ಯ, ಇನ್ನೊಬ್ಬರಿಗೆ ಎತ್ತು. ಮಾರ್ಕು ಬಿತ್ತು ಅಂದರೆ ಮೂಟೆ ಅವರದು.

ಬೆಕ್ಕುಗಳದ್ದೂ ಇದೇ ಪದ್ಧತಿ. ಕೆನ್ನೆಯನ್ನೋ ಮೈಯನ್ನೋ ಒಂದು ವಸ್ತುವಿಗೆ ಉಜ್ಜಿದರೆ 'ಇದು ನಂದು' ಅಂತ ಅರ್ಥ. ನಮ್ಮ ಮೂಗಿಗೆ ಹತ್ತದ ವಾಸನೆ ಅಂಟಿಸಿ ಹೋಗುತ್ತೆ. ಇದನ್ನ ಪುಸ್ತಕ ಓದಿ ಹೇಳುತ್ತಿಲ್ಲ, ಮಾಡಲು ಬೇರೆ ಕೆಲಸವಿಲ್ಲದೆ ಭಾನುವಾರವೆಲ್ಲ ಬೆಕ್ಕನ್ನೇ ನೋಡುತ್ತಾ ಕೂತು ಕಂಡುಹಿಡಿದದ್ದು.

ಒಂದು ದಿನ ಗೋಡೌನ್ ತಪಾಸಣೆಗೆ ತುಮಕೂರಿನಿಂದ ಒಬ್ಬ ಆಫೀಸರು ಬಂದರು. ಮುಖ ನೋಡಿದರೆ ಹಾಲು ಒಡೆಯಬೇಕು. ಅವರು ತಕ್ಕಡಿ ಹತ್ತಿರ ನಿಂತು ನನ್ನನ್ನ ಬೈಯೋದಕ್ಕೆ ಬಾಯಿ ತೆರೆದಿದ್ದರು, ಅಷ್ಟರಲ್ಲಿ ಅಮ್ಮಣ್ಣಿ ಬಂದು ಅವರ ಪ್ಯಾಂಟಿಗೆ ಕೆನ್ನೆ ಉಜ್ಜಿತು.

"ಏನ್ರೀ ಇದು?"

"ಸಾರ್, ನಿಮ್ಮನ್ನ ತನ್ನವರು ಅಂತ ಮಾರ್ಕು ಹಾಕ್ಕೊಂತಿದೆ. ಎಲ್ಲರಿಗೂ ಹಾಕಲ್ಲ ಸಾರ್. ಮನಸ್ಸು ಶುದ್ಧ ಇರೋರಿಗೆ ಮಾತ್ರ."

ಆಫೀಸರು ಬೈಗುಳ ನುಂಗಿಕೊಂಡರು. "ನಮ್ಮ ಮನೇಲಿ ಯಾರೂ ಹಿಂಗೆ ಹತ್ರ ಬರಲ್ಲ ಕಣ್ರೀ," ಅಂದರು. ಆಮೇಲಿಂದ ತಿಂಗಳು ತಿಂಗಳೂ ತಪಾಸಣೆ, ಜೇಬಿನಲ್ಲಿ ಬಿಸ್ಕತ್ತು.

ಇದರಿಂದ ನನಗೊಂದು ಕೊರಗು ಹತ್ತಿಕೊಂಡಿತು. ಅಮ್ಮಣ್ಣಿ ಆಫೀಸರಿಗೆ ಉಜ್ಜುತ್ತೆ, ಕಂಬಕ್ಕೆ ಉಜ್ಜುತ್ತೆ, ತಕ್ಕಡಿಗೆ ಉಜ್ಜುತ್ತೆ. ಈಚೀಚೆಗೆ ನನಗೆ ಮಾತ್ರ ಇಲ್ಲ. ಬರುತ್ತೆ, ನನ್ನ ಕಾಲ ಮೇಲೆ ಮಲಗುತ್ತೆ, ಅಷ್ಟೇ. ಮೂಟೆ ಹೊರುತ್ತಿದ್ದ ಹಮಾಲಿ ಒಬ್ಬನ ಹತ್ತಿರ ನೋವು ತೋಡಿಕೊಂಡೆ.

ಅವನು ಬೀಡಿ ಹಚ್ಚಿಕೊಳ್ಳುತ್ತಾ ಅಂದ. "ಒಂದು ಮೂಟೆಗೆ ಎಷ್ಟು ಸಲ ಮಾರ್ಕು ಹಾಕ್ತಾರೆ ಸಾರ್? ನಿಮಗೆ ಬಿದ್ದು ಹಳೇದಾಗ್ಯದೆ. ಮೂಲೇಲಿ ಕೂತ್ಕಳಿ."

ಮೂರು: ಎರಡು ತಟ್ಟೆ ಊಟ

ಒಮ್ಮೆ ನನಗೆ ಜ್ವರ ಬಂತು. ಸಣ್ಣಪುಟ್ಟ ಜ್ವರ ಅಲ್ಲ, ನನ್ನ ಯೋಗ್ಯತೆಗೆ ತಕ್ಕಂಥದ್ದು. ಮೈಮೇಲೆ ನೀರು ಚಿಮುಕಿಸಿದ್ದರೆ ಚುಂಯ್ ಅನ್ನಬೇಕು. ರೂಮಿನಲ್ಲಿ ಒಬ್ಬನೇ ಬಿದ್ದುಕೊಂಡಿದ್ದೆ. ಜಂತೆ ನೋಡಿ ನೋಡಿ ಅದರ ಗಂಟುಗಳಿಗೆಲ್ಲ ಹೆಸರಿಟ್ಟಾಗಿತ್ತು.

ಬೆಳಿಗ್ಗೆ ಕಣ್ಣು ಬಿಟ್ಟರೆ ದಿಂಬಿನ ಮೇಲೆ, ನನ್ನ ಮೂಗಿಗೆ ಎದುರಾಗಿ, ಒಂದು ಸತ್ತ ಇಲಿ. ಪಕ್ಕದಲ್ಲಿ ಅಮ್ಮಣ್ಣಿ, ಕಾಲು ಮಡಿಸಿ ಕೂತು, ತಿನ್ನು ಅನ್ನೋ ಹಾಗೆ ನೋಡುತ್ತಿತ್ತು.

ಅಷ್ಟರಲ್ಲಿ ಹಿತ್ತಿಲಲ್ಲಿ ಅಮ್ಮನ ಹೆಜ್ಜೆ ಸದ್ದು. ನಾನು ಇಲಿಯನ್ನ ದಿಂಬಿನ ಕೆಳಗೆ ತಳ್ಳಿ ಮೇಲೆ ತಲೆ ಒತ್ತಿದೆ. ಅಮ್ಮ ಗಂಜಿ ತಟ್ಟೆ ಹಿಡಿದು ಒಳಗೆ ಬಂದರು.

"ಏಳು, ಕೂತ್ಕೊಂಡು ಕುಡಿ."

"ಏಳೋಕಾಗಲ್ಲ ಅಮ್ಮ, ತಲೆ ಭಾರ."

"ಎಂಥದೋ ವಾಸನೆ."

"ಕೊಬ್ಬರಿ ಅಮ್ಮ. ಬಟ್ಟೆಗೆಲ್ಲ ಹಿಡಿದಿದೆ."

"ಈ ಅಮ್ಮಣ್ಣಿ ಯಾಕೆ ಹಂಗೆ ನಿನ್ನ ದಿಂಬೇ ನೋಡ್ತಾ ಅವಳೆ?"

"ಅದು ನೋಡ್ತಿರೋದು ದಿಂಬಲ್ಲ ಅಮ್ಮ, ನನ್ನ ಮುಖ. ಪ್ರೀತಿ."

ಅಮ್ಮ ನನ್ನನ್ನ ನೋಡಿದರು, ಬೆಕ್ಕನ್ನ ನೋಡಿದರು, ಗಂಜಿ ಇಟ್ಟು ಹೋದರು. ನಾನು ಬದುಕಿದೆ.

ಈ ಇಲಿ ನನಗೆ ಬಂದ ಕಪ್ಪಕಾಣಿಕೆ, ರಾಜನಿಗೆ ಸಾಮಂತರು ಒಪ್ಪಿಸುವ ಹಾಗೆ, ಅಂತ ನಾನು ಬೀಗುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅಮ್ಮಣ್ಣಿ ಗೋಡೌನಿನ ಅಟ್ಟದಲ್ಲಿ ಮರಿ ಹಾಕಿತು. ಬೇಟೆ ಬರದ ಮರಿಗಳ ಮುಂದೆ ಅದು ದಿನಾ ಇಲಿ ತಂದಿಟ್ಟು, ಕಾಲು ಮಡಿಸಿ ಕೂತು, ಥೇಟ್ ಅದೇ ನೋಟ ನೋಡುತ್ತಿತ್ತು. ಆಗ ಅರ್ಥವಾಯಿತು. ಇವನ ಕೈಲಿ ಏನೂ ಆಗಲ್ಲ, ನಾವೇ ನೋಡಿಕೊಳ್ಳಬೇಕು ಅಂತ ಅದು ನನ್ನ ಬಗ್ಗೆ ಯಾವತ್ತೋ ತೀರ್ಮಾನ ಮಾಡಿಬಿಟ್ಟಿತ್ತು.

ಆದರೂ ಜಂಭ ಬಿಡೋದು ಬೇಡ. ಆ ಬೆಳಿಗ್ಗೆ ನನಗೆ ಎರಡು ಕಡೆಯಿಂದ ಊಟ ಬಂದಿತ್ತು. ಹೆಂಡತಿ ಇದ್ದವರಿಗೂ ಒಂದೇ ಬರೋದು.

ನಾಲ್ಕು: ಕುಣಿಗಲ್ ಪ್ರವಾಸ

ಹೆಂಡತಿ ಅಂದಾಗ ನೆನಪಾಯಿತು. ನನಗೊಂದು ಮದುವೆ ಮಾಡಲೇಬೇಕು ಅಂತ ಅಮ್ಮ ಹಟ ಹಿಡಿದು, ಕುಣಿಗಲ್ಲಿನಲ್ಲಿದ್ದ ಅವರ ನೆಂಟರ ಪೈಕಿ ಒಂದು ಹೆಣ್ಣು ಗೊತ್ತು ಮಾಡಿದರು. ಬಸ್ಸಿನಲ್ಲಿ ದಾರಿ ಉದ್ದಕ್ಕೂ ಪಾಠ. "ಅಲ್ಲಿ ಬೆಕ್ಕಿನ ಮಾತು ಎತ್ತಬ್ಯಾಡ. ಉಪ್ಪಿಟ್ಟು ಎರಡನೇ ಸಲ ಹಾಕಿಸ್ಕೋಬ್ಯಾಡ. ಹುಡುಗಿ ಹಾಡ್ತಾಳೆ, ಇಷ್ಟ ಆದ್ರೆ ಮುಖದಲ್ಲಿ ತೋರಿಸು."

ಈ ಕೊನೇ ಮಾತೇ ನನ್ನನ್ನ ಹಾಳು ಮಾಡಿದ್ದು.

ಬೆಕ್ಕಿನ ಭಾಷೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾತಿಗೆ ಸದ್ದೇ ಇಲ್ಲ. ನಿಮ್ಮನ್ನ ನೋಡುತ್ತಾ ನೋಡುತ್ತಾ ಬೆಕ್ಕು ನಿಧಾನಕ್ಕೆ ಕಣ್ಣು ಮುಚ್ಚಿ, ನಿಧಾನಕ್ಕೆ ತೆರೆಯುತ್ತೆ. 'ನಿನ್ನ ಎದುರು ಕಣ್ಣು ಮುಚ್ಚೋಕೆ ನಂಗೆ ಭಯ ಇಲ್ಲ' ಅಂತ ಅದರ ಅರ್ಥ. ನಾವೂ ಹಾಗೇ ಮಾಡಿದರೆ ಉತ್ತರ ಕೊಟ್ಟ ಹಾಗೆ. ಅಮ್ಮಣ್ಣಿಗೂ ನನಗೂ ಸಾಯಂಕಾಲದ ಮಾತುಕತೆ ಎಲ್ಲ ಇದರಲ್ಲೇ ನಡೆಯುತ್ತಿತ್ತು.

ಹುಡುಗಿ ಚಾಪೆ ಮೇಲೆ ಕೂತು ಹಾಡಿದಳು. ಒಳ್ಳೆ ಕಂಠ. ಹಾಡುತ್ತಾ ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಿದಳು. ಇಷ್ಟವಾಯಿತು ಅಂತ ಮುಖದಲ್ಲಿ ತೋರಿಸಬೇಕಲ್ಲ. ಆ ಹೊತ್ತಿಗೆ ನನಗೆ ಮನುಷ್ಯರ ಜೊತೆಗಿನ ಅಭ್ಯಾಸ ತಪ್ಪಿ ಬಹಳ ಕಾಲವಾಗಿತ್ತು, ಗೊತ್ತಿದ್ದದ್ದು ಒಂದೇ ಭಾಷೆ. ನಾನು ಅವಳನ್ನೇ ನೋಡುತ್ತಾ ನಿಧಾನಕ್ಕೆ ಕಣ್ಣು ಮುಚ್ಚಿದೆ. ನಿಧಾನಕ್ಕೆ ತೆರೆದೆ. ಅವಳ ಹಾಡು ಸ್ವಲ್ಪ ತಡವರಿಸಿತು. ಓಹೋ, ತಲುಪಿತು ಅಂದುಕೊಂಡು ಇನ್ನೊಂದು ಸಲ ಮುಚ್ಚಿದೆ, ಇನ್ನೂ ನಿಧಾನವಾಗಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿ ಕಡೆ ತಿರುಗಿ ಕೂತಿದ್ದರು.

"ಹುಡುಗಿ ಬ್ಯಾಡ ಅಂದ್ಲಂತೆ. ನಾನು ಹಾಡೋವಾಗ ತೂಕಡಿಸೋನ ಜೊತೆ ಜೀವನ ಹೆಂಗೆ ಮಾಡ್ಲಿ ಅಂತ ಕೇಳಿದ್ಲಂತೆ."

"ತೂಕಡಿಸಲಿಲ್ಲ ಅಮ್ಮ."

"ಹೆಣ್ಣು ನೋಡ್ಲಾ ಅಂತ ಅಷ್ಟು ದೂರ ಕರ್ಕೊಂಡು ಬಂದ್ರೆ, ಕಣ್ಣು ಮುಚ್ಕೊಂಡು ಕೂತಿದ್ದೋನು ನೀನೊಬ್ಬನೇ ಕಣ್ಲಾ."

ಐದು: ಚೀಲ

ಎಂಬತ್ತರ ದಶಕದ ಮೊದಲಲ್ಲಿ ನನಗೆ ತುಮಕೂರಿಗೆ ವರ್ಗವಾಯಿತು. ಅಲ್ಲಿನ ಸದಾಶಿವನಗರದಲ್ಲಿ ಒಂದು ರೂಮೂ ಸಿಕ್ಕಿತು. ಅಮ್ಮಣ್ಣಿಯನ್ನ ಕರ್ಕೊಂಡು ಹೋಗಲಾ ಅಂತ ಅಮ್ಮನನ್ನ ಕೇಳಿದೆ. ಅದಿಲ್ಲದ ಸಾಯಂಕಾಲ ಹೇಗಿರುತ್ತೆ ಅಂತ ಯೋಚಿಸೋಕೂ ನನಗೆ ಧೈರ್ಯವಿರಲಿಲ್ಲ. ಕೇಳಿದ್ದು ಮಾತ್ರ ಬಹಳ ಬಿಗುಮಾನದಿಂದ.

"ನಾಯಿ ಮನುಷ್ಯರದು, ಬೆಕ್ಕು ಮನೇದು ಕಣಪ್ಪ. ಅದು ಬರಲ್ಲ," ಅಂದರು ಅಮ್ಮ.

"ನನ್ನ ಹಿಂದೆ ಬರುತ್ತೆ ಅಮ್ಮ. ನನಗದರ ಭಾಷೆ ಗೊತ್ತು."

"ಬಂದ್ರೆ ಕರ್ಕೊಂಡು ಹೋಗು."

ಹೊರಡುವ ದಿನ ಜಗಲಿ ಮೇಲೆ ಗೋಣಿಚೀಲದ ಬಾಯಿ ಅಗಲ ಮಾಡಿಟ್ಟು 'ಬಾ' ಅಂದೆ. ಅಮ್ಮಣ್ಣಿ ಬಂತು, ಮೂಸಿತು, ತಾನಾಗೇ ಒಳಗೆ ಹೋಗಿ ಸುತ್ತಿ ಮಲಗಿತು. ಗೆದ್ದೆ. ಉಸಿರಾಡೋಕೆ ಸಡಿಲವಾಗಿ ಬಾಯಿ ಕಟ್ಟಿ, ರೂಮಿಗೆ ಹೋಗಿ ಟ್ರಂಕು ತಂದೆ, ಅಮ್ಮನ ಕಾಲಿಗೆ ನಮಸ್ಕಾರ ಮಾಡಿದೆ. ಚೀಲವನ್ನ ಅವರೇ ಎತ್ತಿ ನನ್ನ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಮೊದಲ ಗಲಾಟೆ ಡ್ರೈವರ್‌ದು. "ಬೆಕ್ಕು ಅಡ್ಡ ಬಂದ್ರೇ ನಾನು ಗಾಡಿ ನಿಲ್ಲಿಸ್ತೀನಿ. ಒಳಗೇ ಇಟ್ಕೊಂಡು ಹೆಂಗ್ರೀ ಹೊಡೀಲಿ?"

"ಅಡ್ಡ ಬರೋ ಬೆಕ್ಕು ರಸ್ತೇಲಿರುತ್ತಪ್ಪ. ಬಸ್ಸಿನ ಜೊತೆಗೇ ಬರ್ತಿರೋ ಬೆಕ್ಕು ಬಸ್ಸಿಗೆ ಅಡ್ಡ ಬರೋದು ಹೇಗೆ?"

ಡ್ರೈವರು ಸ್ವಲ್ಪ ಯೋಚನೆ ಮಾಡಿ ಗಾಡಿ ಸ್ಟಾರ್ಟ್ ಮಾಡಿದ. ನ್ಯಾಯವಾದ ಮಾತಿಗೆ ಬೆಲೆ ಇದ್ದ ಕಾಲ.

ಚೀಲ ನನ್ನ ತೊಡೆ ಮೇಲಿತ್ತು. ಪಕ್ಕದಲ್ಲಿ ಕೂತಿದ್ದವರು ಕೇಳಿದರು. "ಸದ್ದೇ ಇಲ್ವಲ್ಲ ಸಾರ್?"

"ಸದ್ದು ಮಾಡಲ್ಲ. ನಂಬಿಕೆ ಇರೋ ಬೆಕ್ಕು ದಾರೀಲಿ ಅರಚಲ್ಲ. ನೋಡಿ, ತಲೆ ಇಲ್ಲಿದೆ." ಗೋಣಿಯ ಮೇಲಿಂದಲೇ ದುಂಡಗೆ ಸಿಕ್ಕಿತು, ಮೇಲೆ ಒಂದಿಷ್ಟು ಕೂದಲೂ ಕೈಗೆ ಹತ್ತಿತು. ಮೆಲ್ಲಗೆ ಕೆರೆದೆ. "ಕಿವಿ ಹಿಂದೆ ಹೀಗೆ ಕೆರೀಬೇಕು. ನೀವೂ ಕೆರೀರಿ, ಪರವಾಗಿಲ್ಲ."

ಅವರು ಹೆದರುತ್ತಾ ಕೈ ಇಟ್ಟರು. ಮುಖ ಅರಳಿತು. "ಹೌದು ಸಾರ್, ಗುರ್ ಗುರ್ ಅಂತಿದೆ."

"ಅದು ಸುಖದ ಸದ್ದು," ಅಂತ ವಿವರಿಸಿದೆ. ಹಿಂದಿನ ಸೀಟಿನವರು ಎದ್ದು ಬಂದು ಕೈ ಇಟ್ಟು ನೋಡಿದರು. ಕಂಡಕ್ಟರೂ ಬಂದ. ಮಲ್ಲಸಂದ್ರ ದಾಟೋ ಹೊತ್ತಿಗೆ ಅರ್ಧ ಬಸ್ಸು ಅಮ್ಮಣ್ಣಿಯ ಗುರ್ ಗುರ್ ಅನುಭವಿಸಿ ಧನ್ಯವಾಗಿತ್ತು. ಒಬ್ಬರಂತೂ ಬಸ್ಸು ನಿಂತಾಗ ಗುರ್ ಗುರ್ ನಿಲ್ಲುತ್ತಲ್ಲ ಯಾಕೆ ಅಂತ ಕೇಳಿದರು. "ಅದಕ್ಕೆ ಪ್ರಯಾಣ ಇಷ್ಟ," ಅಂದೆ.

ಸದಾಶಿವನಗರದ ರೂಮಿಗೆ ಹೋದವನೇ ಬಾಗಿಲು ಹಾಕಿ, ಎದುರು ಹೋಟೆಲಿನಿಂದ ತಂದ ಹಾಲನ್ನ ತಟ್ಟೆಗೆ ಹಾಕಿಟ್ಟು, ಚೀಲ ಬಿಚ್ಚಿದೆ.

ಒಳಗೆ ತೆಂಗಿನಕಾಯಿ ಇದ್ದವು. ಜುಟ್ಟು ಬಿಟ್ಟು ಸುಲಿದ ಒಳ್ಳೇ ಕಾಯಿ. ಜೊತೆಗೆ ಒಂದು ಡಬ್ಬಿ ಚಟ್ನಿಪುಡಿ.

ಹಾಲು ನಾನೇ ಕುಡಿದೆ.

ಸದಾಶಿವನಗರ ಒಳ್ಳೇ ಬಡಾವಣೆ. ಹೊಸ ಸಿಮೆಂಟು ಗೋಡೆ, ಇಲಿಗೂ ನುಗ್ಗೋಕೆ ಸಂದಿ ಇಲ್ಲ. ಪಕ್ಕದ ಮನೆಯವರು ಗೇಟಿನಲ್ಲಿ ಎದುರಾದರೆ ಗಡಿಯಾರ ನೋಡಿಕೊಳ್ಳುತ್ತಿದ್ದರು. ಕಾಯಿಗಳನ್ನೆಲ್ಲ ಒಂದೊಂದಾಗಿ ಚಟ್ನಿಗೆ ಒಡೆದೆ. ಬಸ್ಸಿನಲ್ಲಿ ಅಷ್ಟು ಜನರಿಂದ ತಲೆ ಕೆರೆಸಿಕೊಂಡಿದ್ದ ಒಂದು ಕಾಯಿ ಮಾತ್ರ ಒಡೆಯೋಕೆ ಮನಸ್ಸು ಬರಲಿಲ್ಲ. ಕಿಟಕಿಯಲ್ಲಿಟ್ಟೆ. ಸಾಯಂಕಾಲ ಬೀಗ ತೆಗೆದು ಒಳಗೆ ಬರುವಾಗ ಅದಕ್ಕೆ "ಬಂದೆ ಕಣೇ" ಅನ್ನೋ ಅಭ್ಯಾಸವೂ ಆಯಿತು. ಅದು ಉತ್ತರ ಕೊಡುತ್ತಿರಲಿಲ್ಲ. ಬಸ್ಸು ಇರಲಿಲ್ಲವಲ್ಲ.

ಒಂದು ಶನಿವಾರ ತಡೆಯಲಾರದೆ ಗುಬ್ಬಿಗೆ ಹೊರಟೆ. ಜಗಳ ಆಡಬೇಕು ಅಂತಲೇ ಹೊರಟಿದ್ದು, ಬಸ್ಸಿನಲ್ಲಿ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಅಮ್ಮ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಅಮ್ಮಣ್ಣಿ.

"ಚೀಲ ಬಿಚ್ಚಿ ಬೆಕ್ಕನ್ನ ಬಿಟ್ಟು ಕಾಯಿ ತುಂಬಿಬಿಟ್ರಲ್ಲ ಅಮ್ಮ. ತಾನಾಗೇ ಬಂದು ಚೀಲದಲ್ಲಿ ಮಲಗಿತ್ತು."

"ಹೂಂ, ಮಲಗಿತ್ತು."

"ಮತ್ತೆ ಯಾಕೆ?"

ಅಮ್ಮ ತಲೆ ಎತ್ತಲಿಲ್ಲ. "ಅದೂ ನಿನ್ನ ಜೊತೆ ಬಂದಿದ್ರೆ, ನೀನ್ಯಾಕೆ ಈ ಕಡೆ ಬರ್ತಿದ್ದೆ?"

ನಾನು ಚಪ್ಪಲಿ ಬಿಟ್ಟೆ, ಮತ್ತೆ ಮೆಟ್ಟಿಕೊಂಡೆ. ನಿಂತೇ ಇದ್ದೆ.

"ಸುಮ್ನೆ ನಿಂತ್ಕೋಬ್ಯಾಡ. ನನ್ನ ಮರ್ಯಾದೆ ಹೋಗ್ತಾ ಅದೆ," ಅಂದರು ಅಮ್ಮ. "ನೀನು ಹೋದಾಗಿಂದ ಇವಳು ಸೋಮವಾರನೂ ಹಾಲು ಕುಡೀತಾ ಅವಳೆ. ವ್ರತ ಕೆಟ್ಟೋಯ್ತು ಅಂತ ಬೀದಿಯೋರೆಲ್ಲ ಆಡ್ಕೊಂತಾರೆ. ಆ ಹೊಸ ಕೀಪರ್ ಗೋಡೌನ್ ಒಳಕ್ಕೆ ಬಿಡಲ್ವಂತೆ. ವಾರ ವಾರ ಬಂದು, ಸೋಮವಾರ ಬೆಳಿಗ್ಗೆ ಅವನಿಗೆ ಹೇಳಿ ಬಾಗಿಲು ತೆಗೆಸಿಟ್ಟು ಆಮೇಲೆ ರೈಲು ಹತ್ತು."

"ಅಮ್ಮ, ನಿಮಗೆ ಗೊತ್ತಿತ್ತಾ?"

"ದಿಂಬಿನ ಕೆಳಗೆ ಬಾಲ ಕಾಣ್ತಿತ್ತಲ್ಲೋ."

"ಮತ್ತೆ ಒಂದು ದಿನಾನೂ ಹೇಳಲಿಲ್ಲ?"

"ಗೊತ್ತು ಅಂದಿದ್ರೆ ಇಬ್ರನ್ನೂ ಆಚೆ ಹಾಕಬೇಕಾಗ್ತಿತ್ತು. ಆಮೇಲೆ ಈ ಮನೇಲಿ ನಾನು ಯಾರ್ನ ಬೈಕೊಂಡು ಇರ್ಲಿ?"

ಅಮ್ಮಣ್ಣಿ ನನ್ನನ್ನ ನೋಡಿ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿತು. ನಾನೂ ಉತ್ತರ ಕೊಟ್ಟೆ. ಆಮೇಲೆ ಅಮ್ಮನ ಕಡೆ ತಿರುಗಿದೆ. ಏನಾದರೂ ಹೇಳಬೇಕಿತ್ತು, ನನಗೆ ಬರುತ್ತಿದ್ದದ್ದು ಅದೊಂದೇ ಭಾಷೆ. ಅವರನ್ನೇ ನೋಡುತ್ತಾ, ಬಹಳ ನಿಧಾನಕ್ಕೆ, ಕಣ್ಣು ಮುಚ್ಚಿದೆ.

"ಬಂದ ತಕ್ಷಣ ತೂಕಡಿಕೆ ಇವನಿಗೆ," ಅಂದರು ಅಮ್ಮ. "ಕಾಲು ತೊಳ್ಕೋ, ತಟ್ಟೆ ಹಾಕ್ತೀನಿ."